ಮುಂದಿನ ಎಡ ಚಕ್ರ ಮತ್ತು ಬೇರೆ ಗಾಡಿಯ ಚೀಟಿ

"ಸರ್, ಮೇಡಂ ಅವ್ರಿಗೆ ಸ್ವಲ್ಪ ನಿಧಾನ ಓಡಿಸಾಕೆ ಹೇಳ್ರಿ. ತಿರುವಿನಾಗ ಜೋರು ತಿರುಗಿಸಿದ್ರೆ ಟೈರು ಹಿಂಗೇ ತಿಂತೈತೆ."

ಟೈರ್ ಅಂಗಡಿಯ ಮಾಲೀಕ ಈ ಮಾತನ್ನು ಹೇಳಿದ್ದು ನನ್ನ ಗಂಡನಿಗೆ. ಕಾರು ನನ್ನದು. ಅದನ್ನು ಅಲ್ಲಿಯವರೆಗೆ ಓಡಿಸಿಕೊಂಡು ಹೋದವಳು ನಾನು. ಟೈರು ಒಳಗಡೆಯ ಅಂಚಿನಲ್ಲಿ ಮಾತ್ರ ಯಾಕೆ ಸವೆದಿದೆ ಎಂದು ಕೇಳಿದವಳೂ ನಾನೇ. ನನ್ನ ಗಂಡನಿಗೆ ಕಾರು ಓಡಿಸಲು ಬರುವುದಿಲ್ಲ. ಮಂಡಿಪೇಟೆಯಲ್ಲಿ ಅವರದು ಬೇಳೆಕಾಳಿನ ಸಗಟು ಅಂಗಡಿ. ಇಷ್ಟು ವರ್ಷವೂ ಸ್ಕೂಟರಿನಲ್ಲೇ ಓಡಾಡಿದವರು. ಅವತ್ತು ಸ್ಕೂಟರು ರಿಪೇರಿಗೆ ಹೋಗಿತ್ತು, ಅಂಗಡಿಯ ತನಕ ಬಿಡು ಅಂತ ನನ್ನ ಪಕ್ಕದಲ್ಲಿ ಕೂತಿದ್ದರು, ಅಷ್ಟೆ.

ಅವರು ಒಂದು ಮಾತು ಹೇಳಬಹುದಿತ್ತು. "ನನಗೇನು ಗೊತ್ತು, ಅವರನ್ನೇ ಕೇಳ್ರಿ" ಎಂದಿದ್ದರೆ ಸಾಕಿತ್ತು. ಹಾಗನ್ನಲಿಲ್ಲ. ಮಾಲೀಕನ ಕಡೆ ನೋಡಿ ನಕ್ಕು, "ಹೇಳ್ತೀನಿ ಬಿಡ್ರಿ" ಅಂದರು.

ಆ "ಹೇಳ್ತೀನಿ ಬಿಡ್ರಿ" ಎಂಬುದು ನನ್ನ ಕಿವಿಯಲ್ಲಿ ಎಷ್ಟು ದಿನ ಕೂತಿತ್ತೆಂದರೆ, ಕ್ಲಿನಿಕ್ಕಿನಲ್ಲಿ ಒಬ್ಬರ ಹಲ್ಲಿಗೆ ತಂತಿ ಬಿಗಿಯುತ್ತಿರುವಾಗಲೂ ಕೇಳಿಸಿದ ಹಾಗಾಗಿ ಕೈ ನಿಲ್ಲಿಸಿದ್ದೇನೆ.

ನಾನು ವಕ್ರ ಹಲ್ಲುಗಳನ್ನು ನೇರ ಮಾಡುವ ಡಾಕ್ಟರು. ಪಿ.ಜೆ. ಬಡಾವಣೆಯಲ್ಲಿ ನನ್ನ ಕ್ಲಿನಿಕ್ಕು, ಎಸ್.ಎಸ್. ಬಡಾವಣೆಯಲ್ಲಿ ಮನೆ. ವಾರಕ್ಕೆ ಎರಡು ದಿನ ಹರಿಹರದಲ್ಲೂ ರೋಗಿಗಳನ್ನು ನೋಡುತ್ತೇನೆ. ಐವತ್ತು ತುಂಬಿದ ವರ್ಷ ಹುಬ್ಬಳ್ಳಿಯ ಹಿರಿಯ ಡಾಕ್ಟರೊಬ್ಬರಿಂದ ಈ ಕಾರು ಕೊಂಡೆ. ಎರಡೇ ಸೀಟು, ಮಡಚಿ ಹಿಂದಕ್ಕೆ ಹಾಕುವ ಬಟ್ಟೆಯ ಟಾಪು, ನೆಲಕ್ಕೆ ಅಂಟಿಕೊಂಡಂತಹ ಕಡುನೀಲಿ ಸ್ಪೋರ್ಟ್ಸ್ ಕಾರು. ಅದರೊಳಗೆ ಇಳಿದು ಕೂರಲು ಮಂಡಿ ಬಗ್ಗುತ್ತಿಲ್ಲ ಎಂದು ಆ ಡಾಕ್ಟರು ಮಾರಿದ್ದರು. ಚಿಕ್ಕಂದಿನಿಂದ ನನಗೆ ಬೇಕಿದ್ದದ್ದು ಅಂಥದ್ದೇ ಒಂದು ಕಾರು, ಬೇರೆ ಕಾರಣವೇನೂ ಇಲ್ಲ. ಆದರೆ ಊರಿಗೆ ಕಾರಣ ಬೇಕಿತ್ತು. "ಈ ವಯಸ್ಸಿನಾಗ ಇದೇನ್ರಿ ಡಾಕ್ಟ್ರೇ?" ಎಂದು ಕೇಳದ ನೆಂಟರಿಲ್ಲ. ನನ್ನ ವಯಸ್ಸಿನ ಗಂಡಸರು ಮನೆಯಷ್ಟು ದೊಡ್ಡ ಜೀಪು ತಂದು ಮನೆ ಮುಂದೆ ನಿಲ್ಲಿಸಿದರೆ ಯಾರೂ ವಯಸ್ಸು ಕೇಳುವುದಿಲ್ಲ.

ಇರಲಿ. ಮೊದಲ ಸಲ ಟೈರು ಸವೆದಾಗ ಅಂಗಡಿಯವನ ಮಾತನ್ನು ನಾನು ಪೂರ್ತಿ ತಳ್ಳಿಹಾಕಲಿಲ್ಲ. ಇರಬಹುದೇನೋ, ತಿರುವಿನಲ್ಲಿ ನಾನೇ ಜೋರು ಓಡಿಸುತ್ತೇನೇನೋ ಅಂದುಕೊಂಡೆ. ಈಗ ನೆನೆಸಿಕೊಂಡರೆ ಸಿಟ್ಟು ಬರುವುದು ಇದಕ್ಕೇ. ಯಾರಾದರೂ ಖಚಿತವಾದ ದನಿಯಲ್ಲಿ ಹೇಳಿಬಿಟ್ಟರೆ ಸಾಕು, ಎಲ್ಲಿಯೂ ಅಷ್ಟು ಜೋರಾಗಿ ತಿರುಗಿಸದ ನಾನು ನನ್ನನ್ನೇ ಅನುಮಾನಿಸತೊಡಗಿದೆ. ಹೊಸ ಟೈರು ಹಾಕಿಸಿ, ಚಕ್ರಗಳನ್ನು ಅವರ ಕಂಪ್ಯೂಟರ್ ಯಂತ್ರದಲ್ಲಿ ಅಲೈನ್‌ಮೆಂಟ್ ಮಾಡಿಸಿ, ಅವರು ಕೊಟ್ಟ ಅಳತೆಯ ಚೀಟಿಯನ್ನು ಕಾರಿನೊಳಗಿಟ್ಟು, ಅಂದಿನಿಂದ ಮದುವೆ ಮೆರವಣಿಗೆಯ ಹಾಗೆ ಓಡಿಸಿದೆ. ಹರಿಹರದ ರಸ್ತೆಯಲ್ಲಿ ಟ್ರಾಕ್ಟರುಗಳು ನನ್ನನ್ನು ದಾಟಿ ಹೋದವು.

ನಾಲ್ಕು ತಿಂಗಳಾಗಿರಬಹುದು. ಒಂದು ಶುಕ್ರವಾರ ಹರಿಹರದಿಂದ ಮನೆಗೆ ಬಂದು ಗೇಟಿನ ಹತ್ತಿರ ಚಕ್ರ ಪೂರ್ತಿ ತಿರುಗಿಸಿ ನಿಲ್ಲಿಸಿದಾಗ ಎಡಗಡೆ ಮುಂದಿನ ಟೈರಿನ ಒಳಅಂಚು ಕಣ್ಣಿಗೆ ಬಿತ್ತು. ರಬ್ಬರು ಹೋಗಿ ಒಳಗಿನ ತಂತಿ ಹೊಳೆಯುತ್ತಿತ್ತು. ಹೊರಗಿನ ಅಂಚಿನಲ್ಲಿ ಹೊಸ ಟೈರಿನ ಸಣ್ಣ ರಬ್ಬರು ಕೂದಲು ಇನ್ನೂ ಹಾಗೇ ಇದ್ದವು. ಆ ಟೈರಿನ ಮೇಲೆ ನಾನು ಹೆದ್ದಾರಿಯಲ್ಲಿ ಲಾರಿಗಳ ನಡುವೆ ಹೋಗಿ ಬಂದಿದ್ದೆ.

ಮರುದಿನ ಒಬ್ಬಳೇ ಅದೇ ಅಂಗಡಿಗೆ ಹೋದೆ. ಮಾಲೀಕ ಟೈರು ನೋಡಿ, ನನ್ನ ಹಿಂದೆ ಯಾರಾದರೂ ಇದ್ದಾರಾ ಎಂದು ನೋಡಿದ.

"ಸರ್ ಬಂದಿಲ್ಲೇನ್ರಿ?"

"ಅವ್ರು ಯಾಕ ಬೇಕು? ಟೈರು ಇಲ್ಲೈತೆ, ನಾನು ಇಲ್ಲಿದೀನಿ. ಹೇಳ್ರಿ."

"ಅಲ್ಲ ಮೇಡಂ, ಟೆಕ್ನಿಕಲ್ ವಿಷಯ ಐತೆ, ಅದಕ್ಕಂದೆ." ಆಮೇಲೆ ಸಣ್ಣ ಮಗುವಿಗೆ ಹೇಳುವಂತೆ ಹೇಳಿದ: "ಇದು ಕ್ಯಾಂಬರ್ ಅಂತ ಬರ್ತೈತೆ. ಚಕ್ರದ ವಾಲು. ನಿಮ್ಮ ಗಾಡಿಯಾಗ ಅದು ಅಡ್ಜಸ್ಟೇ ಆಗಲ್ಲ. ಕಂಪನಿಯವ್ರೇ ಹಂಗ ಮಾಡಿರ್ತಾರೆ. ವರ್ಷಕ್ಕೆರಡು ಟೈರು ಹಾಕ್ಸೋದು, ನಿಧಾನ ಓಡ್ಸೋದು, ಅಷ್ಟೇ."

ಹೊಸ ಟೈರು ಹಾಕಿ ಮತ್ತೆ ಯಂತ್ರದ ಮೇಲೆ ನಿಲ್ಲಿಸಿದರು. ಮತ್ತೊಂದು ಚೀಟಿ ಕೊಟ್ಟರು. ಅಳತೆ ತಪ್ಪಿದೆ ಎನ್ನುವ ಕೆಂಪು ಅಂಕಿಗಳೆಲ್ಲ ಸರಿಯಿದೆ ಎನ್ನುವ ಹಸಿರಾಗಿದ್ದವು.

ಮನೆಗೆ ಬಂದು ಊಟದ ಮೇಜಿನ ಮೇಲೆ ಎರಡೂ ಚೀಟಿಗಳನ್ನು ಪಕ್ಕಪಕ್ಕ ಇಟ್ಟು ಓದಿದೆ. ಅಲ್ಲಿಯವರೆಗೆ ಓದಿರಲಿಲ್ಲ, ಅದು ನನ್ನ ತಪ್ಪು. ಮೇಲ್ಗಡೆ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಗಾಡಿಯ ಹೆಸರು ಇತ್ತು. ಅದು ನನ್ನ ಕಾರಿನ ಹೆಸರಲ್ಲ. ಏಳು ಜನ ಕೂರುವ ಒಂದು ದೊಡ್ಡ ಫ್ಯಾಮಿಲಿ ಗಾಡಿಯ ಹೆಸರು. ಎರಡೂ ಚೀಟಿಯಲ್ಲಿ ಅದೇ. ಧಾರವಾಡಕ್ಕೆ ಮದುವೆಗೆ ಹೋಗುವವರು ಬಾಡಿಗೆ ಮಾಡಿಕೊಳ್ಳುತ್ತಾರಲ್ಲ, ಅಂಥ ಗಾಡಿಯ ಅಳತೆಗೆ ನನ್ನ ಎರಡು ಸೀಟಿನ ಕಾರನ್ನು ಹೊಂದಿಸಿ ಹಸಿರು ತೋರಿಸಿದ್ದರು.

ನಾನು ಒಬ್ಬರ ಎಕ್ಸ್-ರೇ ನೋಡಿ ಇನ್ನೊಬ್ಬರ ಹಲ್ಲು ಕಿತ್ತರೆ ಜನ ನನ್ನ ಕ್ಲಿನಿಕ್ಕಿಗೆ ಕಲ್ಲು ಹೊಡೆಯುತ್ತಾರೆ. ಹೊಡೆಯಲೇಬೇಕು.

ತಡೆಯಲಾಗದೆ ಪೋರ್ಚಿಗೆ ಹೋಗಿ ಚಾಪೆ ಹಾಸಿ ಮಲಗಿ, ಟಾರ್ಚು ಹಿಡಿದು ಚಕ್ರದ ಒಳಗಡೆ ನೋಡಿದೆ. ಚಕ್ರವನ್ನು ಹಿಡಿದಿರುವ ಭಾಗವನ್ನು ಮೇಲಿನ ಶಾಕ್ ಅಬ್ಸಾರ್ಬರ್ ಕಾಲಿಗೆ ಸೇರಿಸುವ ಎರಡು ದಪ್ಪ ಬೋಲ್ಟುಗಳಿದ್ದವು. ಕೆಳಗಿನದು ಸಾದಾ. ಮೇಲಿನದರ ತಲೆಯ ಹತ್ತಿರ ಒಂದು ಬಿಲ್ಲೆ, ಒಂದು ಕಡೆ ಅಗಲ, ಒಂದು ಕಡೆ ಕಿರಿದು, ಅಂಚಿನಲ್ಲಿ ಸಣ್ಣ ಗೆರೆಗಳು. ಗೆರೆ ಯಾಕೆ ಹಾಕುತ್ತಾರೆ? ತಿರುಗಿಸಿ ಎಣಿಸಲಿ ಅಂತ. ಬೋಲ್ಟು ತಿರುಗಿದರೆ ಚಕ್ರದ ತಲೆ ಒಳಗೋ ಹೊರಗೋ ಸರಿಯುತ್ತದೆ. ಅಡ್ಜಸ್ಟೇ ಆಗಲ್ಲ ಅಂದಿದ್ದನಲ್ಲ, ಅದೇ ಕ್ಯಾಂಬರಿನ ಬೋಲ್ಟು ಅದು. ಅದರ ಮೇಲೆ ವರ್ಷಗಟ್ಟಲೆಯ ಕೆಂಪು ಮಣ್ಣು, ಎಣ್ಣೆ ಜಿಡ್ಡು ಗಾರೆಯಂತೆ ಗಟ್ಟಿಯಾಗಿತ್ತು. ಒಂದು ಬಿರುಕೂ ಇರಲಿಲ್ಲ. ಯಾವ ಸ್ಪಾನರೂ ಅದನ್ನು ಮುಟ್ಟಿರಲಿಲ್ಲ.

ಗಂಡ ಊಟಕ್ಕೆ ಬಂದಾಗ ಚೀಟಿಗಳನ್ನು ಅವರ ಮುಂದಿಟ್ಟೆ. ಅವರು ರೊಟ್ಟಿ ಮುರಿಯುತ್ತಲೇ ನೋಡಿ, "ಇದರಾಗ ನಮಗೇನು ತಿಳೀತೈತೆ? ಅವ್ರು ದಿನಾ ನೂರು ಗಾಡಿ ನೋಡೋರು" ಅಂದರು.

"ಗಾಡಿ ಹೆಸರು ಓದ್ರಿ."

ಓದಿದರು. ಸುಮ್ಮನೆ ಇದ್ದಿದ್ದರೆ ಆಗುತ್ತಿತ್ತು. "ಹೋಗ್ಲಿ ಬಿಡು, ಬೇರೆ ಅಂಗಡಿಗೆ ತೋರ್ಸಿದ್ರಾತು. ಇದಕ್ಯಾಕ ಇಷ್ಟು ತಲಿ ಕೆಡಿಸ್ಕೋತೀಯ?" ಅಂದುಬಿಟ್ಟರು.

ನನಗೆ ಎಲ್ಲಿಂದ ಬಂತೋ. "ಅವತ್ತು ಹೇಳ್ತೀನಿ ಬಿಡ್ರಿ ಅಂದ್ರಲ್ಲ, ಏನು ಹೇಳೋರಿದ್ರಿ ನನಗೆ? ನಿಮಗೆ ಕ್ಲಚ್ಚು ಎಲ್ಲೈತೆ ಗೊತ್ತೈತಾ? ನಾನು ಹೆಂಗ ಓಡಿಸ್ತೀನಿ ಅಂತ ಆ ಮನುಷ್ಯಾಗೆ ಏನು ಗೊತ್ತು? ನಿಮಗೆ ಗೊತ್ತಿತ್ತಲ್ಲ! ಪಕ್ಕದಾಗ ಕುಂತಿದ್ರಿ. ಗೊತ್ತಿದ್ದೂ ನಕ್ರಿ."

"ಅಂಗಡಿಯಾಗ ಒಂದು ಮಾತಿಗೆ ಹೂಂ ಅಂದ್ರೆ ಏನಾತು?"

"ನಿಮ್ಮ ಅಂಗಡಿಗೆ ಬಂದು ಯಾರಾದ್ರೂ ನನ್ನ ಹತ್ರ, ನಿಮ್ಮ ಯಜಮಾನ್ರಿಗೆ ತೂಕ ಸರಿ ಮಾಡಾಕ ಹೇಳ್ರಿ ಅಂದ್ರೆ, ನಾನು ಹೇಳ್ತೀನಿ ಬಿಡ್ರಿ ಅಂತ ನಗಬೇಕೇನು?"

ಅವರು ಅರ್ಧ ಊಟಕ್ಕೇ ಎದ್ದು ಕೈ ತೊಳೆದುಕೊಂಡರು. ಆಮೇಲೆ ಐದಾರು ದಿನ ನಾವಿಬ್ಬರೂ ಚಹಾ ಐತೆ, ಕೀಲಿ ಎಲ್ಲೈತೆ ಎಂಬುದಕ್ಕಿಂತ ಹೆಚ್ಚು ಮಾತಾಡಲಿಲ್ಲ.

ಬೇರೆ ಅಂಗಡಿಗೆ ಹೋಗುವ ಮನಸ್ಸು ಬರಲಿಲ್ಲ. ಇನ್ನೊಬ್ಬನ ಹಸಿರು ಅಂಕಿಯನ್ನು ನಂಬುವುದು ಹೇಗೆ? ನಾನೇ ಅಳೆಯುತ್ತೇನೆ ಎಂದು ಹಟ ಹಿಡಿದೆ. ಕ್ಲಿನಿಕ್ಕಿನ ಬಿಡುವಿನಲ್ಲಿ ಓದಿದೆ, ವಿಡಿಯೊ ನೋಡಿದೆ, ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಎದುರಿನಿಂದ ನೋಡಿದಾಗ ಚಕ್ರದ ತಲೆ ಒಳಗೆ ವಾಲಿದ್ದರೆ ಒಳಅಂಚು ಸವೆಯುತ್ತದೆ, ಹೊರಗೆ ವಾಲಿದ್ದರೆ ಹೊರಅಂಚು. ನನ್ನ ಕಾರಿಗೆ ಅರ್ಧ ಡಿಗ್ರಿಯಷ್ಟು ಒಳವಾಲು ಇರಬೇಕು. ನನ್ನ ಚಕ್ರದ ರಿಮ್ಮಿನ ಅಳತೆಯಲ್ಲಿ ಲೆಕ್ಕ ಹಾಕಿದರೆ, ನೇರವಾಗಿ ಇಳಿಬಿಟ್ಟ ದಾರಕ್ಕೂ ರಿಮ್ಮಿನ ಮೇಲಂಚು ಕೆಳಅಂಚುಗಳಿಗೂ ಇರುವ ದೂರದಲ್ಲಿ ಆರು ಮಿಲಿಮೀಟರ್ ವ್ಯತ್ಯಾಸ ಬಂದರೆ ಒಂದು ಡಿಗ್ರಿ. ಇಷ್ಟೇ. ನಾನು ದಿನವೂ ಹಲ್ಲಿನ ವಾಲನ್ನು ಇದಕ್ಕಿಂತ ಸಣ್ಣ ಅಳತೆಯಲ್ಲಿ ಸರಿಪಡಿಸುತ್ತೇನೆ, ಅದೂ ಮಿಸುಕಾಡುವ ನಾಲಿಗೆಯ ಪಕ್ಕದಲ್ಲಿ. ಇದು ಟೆಕ್ನಿಕಲ್ ವಿಷಯವಂತೆ!

ಭಾನುವಾರ ಬೆಳಿಗ್ಗೆ ಶುರು ಮಾಡಿದೆ. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದ ಗಾರೆ ಮೇಸ್ತ್ರಿಯಿಂದ ದಾರಕ್ಕೆ ಕಟ್ಟಿದ ತೂಕದ ಗುಂಡು, ನೀರು ತುಂಬಿ ಮಟ್ಟ ನೋಡುವ ಪಾರದರ್ಶಕ ಪೈಪು ಇಸಿದುಕೊಂಡಿದ್ದೆ. ಮೊದಲ ಪೆಟ್ಟು ಅಲ್ಲೇ ಬಿತ್ತು. ಮಳೆ ನೀರು ಗೇಟಿನ ಕಡೆ ಹರಿಯಲಿ ಅಂತ ಪೋರ್ಚಿನ ನೆಲವನ್ನು ಇಳಿಜಾರು ಮಾಡಿಸಿದ್ದೆವು. ಸೊಟ್ಟ ನೆಲದಲ್ಲಿ ನೇರ ಚಕ್ರವೂ ಸೊಟ್ಟ ಕಾಣುತ್ತದೆ. ಬಚ್ಚಲುಮನೆಗೆ ಹಾಕಿಸಿ ಉಳಿದಿದ್ದ ಟೈಲ್ಸುಗಳನ್ನು ಹೊತ್ತು ತಂದು, ಒಂದೊಂದು ಚಕ್ರದ ಕೆಳಗೆ ಎಷ್ಟು ಬೇಕೋ ಅಷ್ಟು ಜೋಡಿಸಿ, ನಾಲ್ಕೂ ಕಡೆ ನೀರಿನ ಮಟ್ಟ ಒಂದಾಗುವ ಹೊತ್ತಿಗೆ ಹನ್ನೊಂದು ಗಂಟೆಯಾಗಿತ್ತು. ಗಾಳಿ ನಾಲ್ಕೂ ಟೈರಿನಲ್ಲಿ ಕಂಪನಿ ಹೇಳಿದಷ್ಟೇ ಇರುವಂತೆ ಮೊದಲೇ ನೋಡಿಕೊಂಡಿದ್ದೆ.

ಇನ್ನೊಂದು ಬೇಕಿತ್ತು. ಓಡಿಸುವವರ ತೂಕ ಸೀಟಿನ ಮೇಲಿರಬೇಕು. ನಾನು ಕೂತರೆ ಅಳೆಯುವವರು ಯಾರು? ಅದನ್ನು ಗೊಣಗಿಕೊಂಡೆನೋ ಏನೋ, ಬಾಗಿಲಲ್ಲಿ ಪೇಪರು ಹಿಡಿದು ನಿಂತಿದ್ದ ಗಂಡ ಕೇಳಿದರು:

"ಎಷ್ಟು ಕೆಜಿ?"

"ಅರವತ್ತು."

ಅವರು ಸ್ಕೂಟರು ಹತ್ತಿ ಹೋದರು. ಮುಕ್ಕಾಲು ಗಂಟೆಯಲ್ಲಿ ಆಟೊದಲ್ಲಿ ಐವತ್ತು ಕೆಜಿಯ ತೊಗರಿಬೇಳೆ ಚೀಲ, ಹತ್ತು ಕೆಜಿಯ ಹೆಸರುಬೇಳೆ ಚೀಲ ಬಂದವು. ಆಟೊದವನೂ ಅವರೂ ಸೇರಿ ಅವನ್ನು ಓಡಿಸುವವರ ಸೀಟಿನಲ್ಲಿ ಕೂರಿಸಿದರು. ನಾನು ಥ್ಯಾಂಕ್ಸ್ ಹೇಳಲಿಲ್ಲ. ಅವರೂ ಕಾಯಲಿಲ್ಲ.

ಮಡ್‌ಗಾರ್ಡಿನ ಮೇಲೆ ಟೇಪಿನಿಂದ ದಾರ ಅಂಟಿಸಿ ಗುಂಡು ಇಳಿಬಿಟ್ಟು, ಅದು ಅಲುಗಾಡುವುದು ನಿಲ್ಲುವ ತನಕ ಉಸಿರು ಹಿಡಿದು ಕೂತು ಅಳೆದೆ. ಬಲಗಡೆ ನಾಲ್ಕು ಮಿಲಿಮೀಟರ್. ಸರಿಯೇ ಇದೆ. ಎಡಗಡೆ ಹದಿನೈದು. ನಂಬದೆ ಮೂರು ಸಲ ಅಳೆದೆ. ಹದಿನೈದೇ. ಎರಡೂವರೆ ಡಿಗ್ರಿ ಒಳಗೆ ವಾಲಿದ ಚಕ್ರಕ್ಕೆ ಆ ಚೀಟಿಯಲ್ಲಿ ಅರ್ಧ ಡಿಗ್ರಿ ಎಂದು ಹಸಿರಿನಲ್ಲಿ ಅಚ್ಚು ಹಾಕಿ ಕೊಟ್ಟಿದ್ದರು. ನೆಲದ ಮೇಲೆ ಕೂತು ನನಗೆ ಅಳು ಬಂತು. ದುಃಖದ್ದಲ್ಲ. ನಾಲ್ಕು ತಿಂಗಳು ನಿಧಾನವಾಗಿ, ತಪ್ಪಿತಸ್ಥಳಂತೆ ಓಡಿಸಿದ್ದೆನಲ್ಲ, ಆ ಸಿಟ್ಟಿಗೆ.

ಕಾರನ್ನು ಜಾಕಿನಿಂದ ಎತ್ತಿ, ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಚಕ್ರ ಬಿಚ್ಚಿ, ಮಣ್ಣು ಕೆರೆದು, ತುಕ್ಕು ಬಿಡಿಸುವ ಎಣ್ಣೆ ಸುರಿದು ಬೋಲ್ಟಿಗೆ ಸ್ಪಾನರು ಹಾಕಿದೆ. ಅಲುಗಲಿಲ್ಲ. ದಿನಕ್ಕೆರಡು ಸಲ ಎಣ್ಣೆ ಹಾಕುತ್ತಾ ಬುಧವಾರದವರೆಗೆ ಕಾದೆ. ಬುಧವಾರ ಬೆಳಿಗ್ಗೆ ಸ್ಪಾನರಿಗೆ ಉದ್ದದ ಪೈಪು ಸಿಕ್ಕಿಸಿ ಪೂರ್ತಿ ಮೈಭಾರ ಬಿಟ್ಟೆ. ನಟ್ಟು ಬಂತು. ಜೊತೆಗೆ ಬೋಲ್ಟಿನ ತಲೆಯ ಆ ಅಗಲ ಕಿರಿದು ಬಿಲ್ಲೆಯೂ ಮುರಿದು ಕೈಗೆ ಬಂತು.

ಆ ಭಾಗ ಎಲ್ಲೂ ಸಿಗಲಿಲ್ಲ. ಫೋನು ಮಾಡಿದ ಕಡೆಯೆಲ್ಲ "ಆ ಗಾಡಿಗೆ ಬರಲ್ಲ" ಎಂದೇ ಉತ್ತರ. ಆಗ ನನ್ನ ಹರಿಹರದ ಕ್ಲಿನಿಕ್ಕಿನ ನರ್ಸು ಅವತ್ತೇ ಫೋನಿನಲ್ಲಿ ಒಬ್ಬ ಹಿರಿಯರ ವಿಳಾಸ, ನಂಬರು ಕೊಟ್ಟಳು. ಹರಿಹರದ ದೊಡ್ಡ ಕಾರ್ಖಾನೆಯೊಂದರಲ್ಲಿ ಬದುಕಿಡೀ ಲೋಹ ಕಡೆಯುವ ಲೇತ್ ಯಂತ್ರದ ಮೇಲೆ ಕೆಲಸ ಮಾಡಿ ನಿವೃತ್ತರಾದವರು. ಈಗ ಮನೆಯ ಹಿಂದೆ ತಗಡಿನ ಶೆಡ್ಡಿನಲ್ಲಿ ತಮ್ಮದೇ ಒಂದು ಹಳೆಯ ಲೇತ್ ಇಟ್ಟುಕೊಂಡಿದ್ದರು. ಈ ವಿಷಯ ಮನೆಯಲ್ಲಿ ಫೋನಿನಲ್ಲಿ ಮಾತಾಡುವಾಗ ಗಂಡನ ಕಿವಿಗೂ ಬಿದ್ದಿತ್ತು, ನಂಬರು ಬರೆದ ಕಾಗದ ಮೇಜಿನ ಮೇಲೇ ಇತ್ತು. ಗುರುವಾರ ಬೆಳಿಗ್ಗೆ ಅವರಿಗೆ ಹೇಳದೆ ಬಸ್ಸು ಹತ್ತಿದೆ. ಚೀಲದಲ್ಲಿ ಮುರಿದ ಬೋಲ್ಟು, ನಾನೇ ಬರೆದ ಒಂದು ಚಿತ್ರ.

ಶೆಡ್ಡಿನ ಬಾಗಿಲಲ್ಲಿ ನಿಂತಾಗ ಆ ಹಿರಿಯರು ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿ ಮೊದಲು ಕೇಳಿದ್ದೇ:

"ಯಜಮಾನ್ರು ಬರಲಿಲ್ಲೇನವ್ವಾ?"

ನನ್ನೊಳಗೆ ಇಷ್ಟು ದಿನ ಕುದಿಯುತ್ತಿದ್ದದ್ದು ಪೂರ್ತಿ ಆ ಮುದುಕರ ಮೇಲೆ ಉಕ್ಕಿತು. "ಯಜಮಾನ್ರು ಯಾಕ ಬರಬೇಕು? ಕಾರು ನಂದು, ಬೋಲ್ಟು ಮುರಿದೋಳು ನಾನು. ಹೆಣ್ಣುಮಕ್ಕಳ ಹತ್ರ ಮಾತಾಡಿದ್ರೆ ನಿಮ್ಮ ಲೇತ್ ತಿರುಗಲ್ವೇನು? ಎಲ್ಲಿ ಹೋದ್ರೂ ಸರ್ ಬಂದಿಲ್ಲೇನು, ಯಜಮಾನ್ರು ಬಂದಿಲ್ಲೇನು!"

ಅವರು ಬೆದರಿ ಎರಡು ಹೆಜ್ಜೆ ಹಿಂದೆ ಸರಿದರು. ಕೈಯಲ್ಲಿದ್ದ ಬಟ್ಟೆಯಿಂದ ಒಂದು ಸ್ಟೂಲು ಒರೆಸಿ ಮುಂದೆ ತಳ್ಳಿದರು.

"ಕೂಡ್ರವ್ವಾ. ಸಿಟ್ಟಾಗಬ್ಯಾಡ್ರಿ. ನಿನ್ನಿ ಸಂಜಿ ನಿಮ್ಮ ಯಜಮಾನ್ರೇ ಫೋನ್ ಮಾಡಿದ್ರು. ನಾವಿಬ್ರೂ ಬರ್ತೀವಿ ಅಂದಿದ್ರು, ಅದಕ್ಕ ಕೇಳಿದೆ."

"ಫೋನ್ ಮಾಡಿದ್ರಾ? ಏನಂದ್ರು?"

"ನಮ್ಮನಿಯವ್ರು ಡಾಕ್ಟ್ರು. ಅಳತಿ ಅವ್ರೇ ತಗೊಂಡಾರೆ. ನನಗ ಅದರಾಗ ಏನೂ ತಿಳೀವಲ್ದು. ಅವ್ರು ಹೆಂಗ ಹೇಳ್ತಾರೋ ಹಂಗ ಮಾಡಿಕೊಡ್ರಿ ಅಂದ್ರು. ಬಸ್ಸಿನಾಗ ಒಬ್ರೇ ಹೋದ್ರೆ ಕಷ್ಟ, ನಾನೂ ಜೋಡಿ ಬರ್ತೀನಿ ಅಂದ್ರು."

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮುದುಕರ ಕ್ಷಮೆ ಕೇಳಿದೆ. ಅವರು ಅದನ್ನು ಕೇಳಿಸಿಕೊಂಡ ಹಾಗೆಯೇ ಇರಲಿಲ್ಲ. ಅಷ್ಟರಲ್ಲಿ ನನ್ನ ಚಿತ್ರ ಬಿಡಿಸಿ ನೋಡುತ್ತಿದ್ದರು. ಗಂಡನ ಮೇಲಿನ ಸಿಟ್ಟು ಹೋಯಿತು ಎಂದರೆ ಸುಳ್ಳಾಗುತ್ತದೆ. ಮುಖ ಗೊತ್ತಿಲ್ಲದ ಒಬ್ಬರ ಮುಂದೆ ಫೋನಿನಲ್ಲಿ ಹೇಳಲು ಬಂದದ್ದು, ಅವತ್ತು ನನ್ನೆದುರಿಗೆ ಯಾಕೆ ಬರಲಿಲ್ಲ? ಆ ಪ್ರಶ್ನೆ ಹಾಗೇ ಉಳಿಯಿತು.

ಈಗ ಬೈಸಿಕೊಳ್ಳುವ ಸರದಿ ನನ್ನದಾಯಿತು. "ಇದೇನವ್ವಾ ಡ್ರಾಯಿಂಗು? ಇಲ್ಲಿ ಹದಿನಾಲ್ಕು ಅಂತ ಬರ್ದೀರಿ. ಹದಿನಾಲ್ಕಕ್ಕ ಎಷ್ಟು ಹೆಚ್ಚು ಆಗಬಹುದು, ಎಷ್ಟು ಕಮ್ಮಿ? ಅದನ್ನ ಬರೀಲಿಲ್ಲ ಅಂದ್ರೆ ಇದು ಚಿತ್ರ, ಡ್ರಾಯಿಂಗ್ ಅಲ್ಲ."

ಚಿತ್ರವನ್ನು ಬದಿಗಿಟ್ಟು ಮುರಿದ ಬೋಲ್ಟನ್ನೇ ಸೀಮೆಎಣ್ಣೆಯಲ್ಲಿ ತೊಳೆದು, ಮೈಕ್ರೋಮೀಟರು ತೆಗೆದು ಅಳೆದರು. ಚೀಟಿಗಳ ಕಥೆ ಹೇಳಿದೆ. ಅವುಗಳನ್ನು ಕೇಳಿ ಪಡೆದು ಓದಿ, ನನಗಿಂತ ಹೆಚ್ಚು ಕೆರಳಿದರು.

"ನಮ್ಮ ಕಾರ್ಖಾನಿಯಾಗ ಅಳೀದೇ ಅಂಕಿ ಬರೆದ್ರೆ ಅವತ್ತೇ ಗೇಟಿನ ಹೊರಗ. ನಾನೇ ಒಬ್ಬನ್ನ ಕಳಿಸೀನಿ. ಇವ್ರಿಗೆ ಗೇಟೇ ಇಲ್ಲಲ್ಲವ್ವಾ!"

ಚಕ್ರ ಹಿಡಿಯುವ ಬೋಲ್ಟು ಸಾದಾ ಕಬ್ಬಿಣದಲ್ಲಿ ಮಾಡಿದರೆ ಮುರಿದು ಪ್ರಾಣ ಹೋಗುತ್ತದೆ ಎಂದು, ಹಳೆಯ ದೊಡ್ಡ ಯಂತ್ರವೊಂದರ ಗಟ್ಟಿ ಉಕ್ಕಿನ ಬೋಲ್ಟು ಹುಡುಕಿ ತೆಗೆದರು. ಅದನ್ನು ಲೇತ್‌ನಲ್ಲಿ ಬೇಕೆಂದೇ ನಡುವಿನಿಂದ ಎರಡು ಮಿಲಿಮೀಟರ್ ಸರಿಸಿ ಹಿಡಿದು ಕಡೆದರು. ತಿರುಗುವಾಗ ಅದು ಏಟು ತಿಂದ ಎರೆಹುಳುವಿನ ಹಾಗೆ ಹೊರಳಾಡುತ್ತಿತ್ತು. ಪ್ರತಿ ಸಲ ನಿಲ್ಲಿಸಿ ಅಳೆದು, ನನ್ನ ಕೈಗೂ ಮೈಕ್ರೋಮೀಟರು ಕೊಟ್ಟು "ನೀವೂ ನೋಡ್ರಿ" ಅಂದರು. ನಾನು ಓದಿದ ಅಂಕಿ ಅವರದಕ್ಕೆ ಹೊಂದಿದಾಗ ಮಾತ್ರ ಮುಂದಿನ ಕೆಲಸ. ನಡುವೆ ಅವರ ಹೆಂಡತಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟರು. ಮಧ್ಯಾಹ್ನ ಎರಡಕ್ಕೆ ಬೋಲ್ಟು ಸಿದ್ಧವಾಯಿತು, ಅಂಚಿನಲ್ಲಿ ಗೆರೆಗಳ ಸಮೇತ.

ಮನೆಯಲ್ಲಿ ಗಂಡನಿಗೆ, "ಫೋನ್ ಮಾಡಿದ್ರಂತೆ" ಅಂದೆ. "ಹೂಂ" ಅಂದರು. ಅವತ್ತಿಗೆ ಅಷ್ಟೇ.

ಮುಂದಿನ ಭಾನುವಾರ ಬೋಲ್ಟು ಕೂರಿಸಿ, ಗೆರೆ ಎಣಿಸಿ ತಿರುಗಿಸಿ ಬಿಗಿದು, ಚಕ್ರ ಹಾಕಿ ಇಳಿಸಿ, ಕಾರನ್ನು ಹಿಂದೆ ಮುಂದೆ ದೂಡಿ, ಟೈಲ್ಸಿನ ಮೇಲೆ ನಿಲ್ಲಿಸಿ ಅಳೆದೆ. ಹದಿನೆಂಟು. ಹದಿನೈದು ಇದ್ದದ್ದು ಹದಿನೆಂಟಾಗಿತ್ತು! ತಿರುಗಿಸಿದ್ದು ಉಲ್ಟಾ. ಒಳಗಿನಿಂದ ನೋಡುವಾಗ ಎಡಬಲ ಅದಲುಬದಲಾಗಿತ್ತು. ಬಾಯಿಕನ್ನಡಿಯಲ್ಲಿ ನೋಡಿ ಕೆಲಸ ಮಾಡುವ ನನಗೆ ಇಂಥ ತಪ್ಪಾಗಬಾರದಿತ್ತು, ಆದರೆ ಆಯಿತು. ಮತ್ತೆ ಎತ್ತು, ಮತ್ತೆ ಬಿಚ್ಚು. ಬೇಳೆ ಚೀಲವನ್ನು ಇಳಿಸಿ ಏರಿಸಲು ಗಂಡ ನಾಲ್ಕು ಸಲ ಬಂದರು. ಐದನೆಯ ಸಲ, "ನಾನೇ ಕುಂದ್ರಲೇನು? ಹದಿನೈದು ಕೆಜಿ ಹೆಚ್ಚಾಗ್ತೈತೆ, ಅಷ್ಟೇ" ಅಂದರು.

"ಬ್ಯಾಡ. ಅಳತಿ ಕೆಡ್ತೈತೆ" ಅಂದೆ. ಅವರು ನಕ್ಕರು. ನಾನು ನಗಲಿಲ್ಲ, ಆದರೆ ಮುಖ ಆ ಕಡೆ ತಿರುಗಿಸಿಕೊಳ್ಳಬೇಕಾಯಿತು.

ಕೊನೆಗೆ ಮೂರೂವರೆ ಮಿಲಿಮೀಟರಿಗೆ ಬಂತು. ಕ್ಯಾಂಬರ್ ಬದಲಾದರೆ ಮುಂದಿನ ಎರಡು ಚಕ್ರಗಳ ಮೂತಿ ಒಂದರ ಕಡೆಗೊಂದು ಎಷ್ಟು ತಿರುಗಿದೆ ಎಂಬ ಅಳತೆಯೂ ಬದಲಾಗುತ್ತದೆ. ಅದನ್ನೂ ಟೈರಿನ ಮುಂದೆ ಹಿಂದೆ ಟೇಪು ಹಿಡಿದು ಸರಿಮಾಡಿದೆ. ಟೇಪಿನ ಇನ್ನೊಂದು ತುದಿ ಹಿಡಿದವರು ಅವರೇ. ಸಂಜೆ ಹರಿಹರದ ಕಡೆ ಹೊರಟು ನೇರ ರಸ್ತೆಯಲ್ಲಿ ಸ್ಟಿಯರಿಂಗನ್ನು ಒಂದು ಕ್ಷಣ ಸಡಿಲ ಬಿಟ್ಟು ನೋಡಿದೆ. ಇಷ್ಟು ದಿನ ಒಂದು ಕಡೆ ಜಗ್ಗುತ್ತಿದ್ದ ಕಾರು ನೇರ ಹೋಯಿತು. ಆ ಜಗ್ಗಾಟವನ್ನೂ ನಾನು ನನ್ನ ಕೈಯ ದೋಷವೆಂದೇ ತಿಳಿದಿದ್ದೆ.

ಎರಡು ತಿಂಗಳು ಓಡಿಸಿ, ಟೈರು ಎರಡೂ ಅಂಚಿನಲ್ಲಿ ಸಮವಾಗಿರುವುದನ್ನು ನೋಡಿಕೊಂಡೇ ಆ ಅಂಗಡಿಗೆ ಹೋದೆ. ಗಂಡ, "ನಾನೂ ಬರ್ತೀನಿ" ಅಂದರು. ಬೇಡ ಅನ್ನಲಿಲ್ಲ.

ಮಾಲೀಕನ ಮುಂದೆ ಎರಡು ಚೀಟಿ, ಮುರಿದ ಬೋಲ್ಟು, ನನ್ನ ನೋಟುಬುಕ್ಕು ಇಟ್ಟೆ. "ಅಡ್ಜಸ್ಟ್ ಆಗಲ್ಲ ಅಂದ್ರಿ. ಆಗೈತೆ. ನಾನು ಮನೆಯಾಗ ಮಾಡೀನಿ. ಈ ಚೀಟಿ ಯಾವ ಗಾಡೀದು, ಓದ್ರಿ."

ಅವನು ಓದಿದ. "ಮೇಡಂ, ನಿಮ್ಮ ಗಾಡಿ ನಮ್ಮ ಮಷಿನ್ನಾಗ ಇಲ್ಲ. ಹತ್ತಿರದ್ದು ಯಾವುದೋ ಹಾಕಿರ್ತಾರೆ."

"ಇಲ್ಲ ಅಂತ ಹೇಳಬೇಕಿತ್ತು. ಅಷ್ಟು ಹೇಳಿದ್ರೆ ನಾನು ಬೇರೆ ದಾರಿ ನೋಡ್ತಿದ್ದೆ. ತಂತಿ ಬಂದ ಟೈರಿನ ಮ್ಯಾಲೆ ಹೆದ್ದಾರಿಯಾಗ ಓಡಾಡೀನಿ ನಾನು."

ಅವನು ಒಳಗೆ ತಿರುಗಿ, ಯಂತ್ರದ ಹತ್ತಿರವಿದ್ದ ನರೆತ ಕೂದಲಿನ ಕೆಲಸಗಾರನನ್ನು ಕರೆದು ಬಾಯಿಗೆ ಬಂದಂತೆ ಬೈಯತೊಡಗಿದ. ಆ ಮನುಷ್ಯ ಕೈ ಒರೆಸಿಕೊಳ್ಳುತ್ತಾ ನಿಂತು, ಮೆಲ್ಲಗೆ ಹೇಳಿದ: "ಹಸಿರು ಬರೋತನಕ ಚಕ್ರಕ್ಕ ಹಿಡಿಸೋ ಮಷಿನ್ ಕ್ಲಾಂಪು ಅಲುಗ್ಸು, ಗಾಡಿ ಬೇಗ ಇಳ್ಸು ಅಂತ ನೀವೇ ಹೇಳಿದ್ದಲ್ರಿ."

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಅವ್ರನ್ನ ಯಾಕ ಬೈತೀರಿ? ಬೈಸಿಕೊಳ್ಳಬೇಕಾದೋರು ನೀವು" ಎಂದೆ.

ಮಾಲೀಕ ಇಷ್ಟೆಲ್ಲ ಆದ ಮೇಲೂ ನನ್ನ ಗಂಡನ ಕಡೆಗೇ ತಿರುಗಿದ. "ಸರ್, ನೀವಾದ್ರೂ ಸ್ವಲ್ಪ ಹೇಳ್ರಿ ಮೇಡಂಗೆ."

ಗಂಡ ಜಗಳಕ್ಕೆ ನಿಲ್ಲುವವರಲ್ಲ. ಅಂಗಡಿಯಲ್ಲಿ ಗಿರಾಕಿ ಕೂಗಾಡಿದರೂ ನೀರು ಕೊಟ್ಟು ಕೂರಿಸುವವರು. ಅಂಥವರು ಈಗ ಹೇಳಿದರು: "ನಾನು ಹೇಳಬೇಕಾಗಿದ್ದು ಅವತ್ತು. ನಿಮಗ ಹೇಳಬೇಕಿತ್ತು, ಇವ್ರಿಗಲ್ಲ. ಹೇಳಲಿಲ್ಲ, ನಂದು ತಪ್ಪಾತು. ಈಗ ಅವ್ರು ಕೇಳಿದ್ದಕ್ಕ ಉತ್ತರ ಕೊಡ್ರಿ."

ಮಾಲೀಕನ ಬಾಯಿಂದ ತಪ್ಪಾಯಿತು ಎಂಬ ಮಾತು ಬರಲಿಲ್ಲ. ಇನ್ನೊಮ್ಮೆ ಪುಕ್ಕಟೆ ಬ್ಯಾಲೆನ್ಸಿಂಗ್ ಮಾಡಿಕೊಡುತ್ತೇನೆ ಅಂದ. ಬೇಡವೆಂದೆ. ಆ ಎರಡು ಚೀಟಿಗಳ ಮೇಲೆ "ಇದು ಬೇರೆ ಗಾಡಿಯ ಅಳತೆ" ಎಂದು ಬರೆದು ಸಹಿ ಹಾಕಿಕೊಡಿ ಅಂದೆ. ಫೋನು ಬಂತೆಂದು ಒಳಗೆ ಹೋದವನು ಹೊರಗೆ ಬರಲಿಲ್ಲ. ಅರ್ಧ ಗಂಟೆ ನಿಂತು ನೋಡಿ ಹೊರಟೆವು. ಅಂಗಡಿ ಇಂದಿಗೂ ಅಲ್ಲೇ ಇದೆ, ಅದರ ಮುಂದೆ ಗಾಡಿಗಳ ಸಾಲೂ ಇದೆ. ಪ್ರತಿ ಸಲ ಆ ದಾರಿಯಲ್ಲಿ ಹೋಗುವಾಗ ನನಗೆ ಅಷ್ಟೇ ಸಿಟ್ಟು ಬರುತ್ತದೆ, ಕಡಿಮೆಯಾಗಬೇಕೆಂದು ನನಗೇನೂ ಆಸೆಯಿಲ್ಲ.

ಅವತ್ತು ಕಾರಿನಲ್ಲಿ ಬರುವಾಗ ಗಂಡ ಕೇಳಿದರು: "ಆ ಬೋಲ್ಟು ಒಳಗಡೆ ತಿರುಗಿಸಿದ್ರೆ ಚಕ್ರದ ತಲಿ ಹೆಂಗ ಹೊರಗ ಬರ್ತೈತೆ? ನನಗ ಅದೇ ತಿಳೀಲಿಲ್ಲ."

ಮಂಡಿಪೇಟೆ ಬರುವವರೆಗೂ ವಿವರಿಸಿದೆ. ಅವರು ಅರ್ಧ ತಪ್ಪಾಗಿ ಅರ್ಥ ಮಾಡಿಕೊಂಡರು. ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಅವರ ಬಿಲ್ ಪುಸ್ತಕದ ಹಿಂದೆ ಚಕ್ರ ಬರೆದು ಮತ್ತೆ ಮೊದಲಿನಿಂದ ಹೇಳಿದೆ.